ಕರಿಕಲ್ಲಿನ ವಯಸ್ಸು ಕಡಲ ಕೆಸರಿನಲ್ಲಿ

ಉಮರ್ಗಾ, ನಿಲಂಗಾ, ಉದಗೀರದ ಕಡೆ ಹಳೆಯ ತೆರೆದ ಬಾವಿಯ ದಂಡೆಯಲ್ಲಿ ನಿಂತು ಒಳಗೆ ಇಣುಕಿದರೆ ಆ ನೆಲದ ಚರಿತ್ರೆ ಗೋಡೆಯ ಮೇಲೇ ಕಾಣುತ್ತದೆ. ಮೇಲುಗಡೆ ಎರೆ ಮಣ್ಣು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವಂಥದ್ದು. ಅದರಡಿ ಮುರುಮು. ಮುರುಮಿನ ಕೆಳಗೆ ಗುದ್ದಲಿ ಹಿಮ್ಮೆಟ್ಟಿಸುವ ಕರಿಕಲ್ಲು. ಇಷ್ಟು ಎಲ್ಲ ರೈತರಿಗೂ ಗೊತ್ತು. ಇನ್ನೂ ಕೆಳಗಿಳಿದರೆ ಕೆಲವು ಬಾವಿಗಳಲ್ಲಿ ಕರಿಕಲ್ಲು ಥಟ್ಟನೆ ಮುಗಿದು, ಗೇಣು ದಪ್ಪದ ಕೆಂಪು ಪದರವೊಂದು ಸುತ್ತಲೂ ಪಟ್ಟಿ ಕಟ್ಟಿದ ಹಾಗೆ ಹಾಯ್ದಿರುತ್ತದೆ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಅದರ ಕೆಳಗೆ ಮತ್ತೆ ಕರಿಕಲ್ಲು. ಆ ಕಲ್ಲಿನ ನೆತ್ತಿಯ ಭಾಗದಲ್ಲಿ ತುಂಬ ತೂತುಗಳು, ತೂತಿನೊಳಗೆ ಬಿಳಿ ಹರಳುಗಳು.

ಆ ಕಪ್ಪು ಪದರ ಒಂದೊಂದೂ ಒಂದೊಂದು ಸಲ ಉಕ್ಕಿ ಹರಿದ ಲಾವಾ. ಕುದಿಯುವ ಲಾವಾದೊಳಗಿನ ಅನಿಲ ಮೇಲಕ್ಕೇರಿ, ಹೊರಬೀಳುವ ಮೊದಲೇ ಕಲ್ಲು ಹೆಪ್ಪುಗಟ್ಟಿ ಸಿಕ್ಕಿಬಿದ್ದ ಜಾಗಗಳೇ ಆ ತೂತುಗಳು. ಎಷ್ಟೋ ಕಾಲದ ಮೇಲೆ ಇಳಿದು ಬಂದ ನೀರು ಅವುಗಳಲ್ಲಿ ಜಿಯೋಲೈಟ್, ಕ್ಯಾಲ್ಸೈಟ್ ಹರಳುಗಳನ್ನು ಬೆಳೆಸಿತು. ಕೆಂಪು ಪದರ ಎರಡು ಪ್ರವಾಹಗಳ ನಡುವಿನ ಬಿಡುವು. ತಣಿದ ಲಾವಾದ ಮೈ ಮಳೆ ಬಿಸಿಲಿಗೆ ಸಡಿಲಾಗಿ ಮಣ್ಣಾಗುತ್ತಿದ್ದ ಹೊತ್ತಿನಲ್ಲಿ ಮುಂದಿನ ಲಾವಾ ಬಂದು ಅದನ್ನು ಮುಚ್ಚಿ ಸುಟ್ಟಿತು. ಭೂವಿಜ್ಞಾನಿಗಳು ಅದನ್ನು ರೆಡ್ ಬೋಲ್ ಎನ್ನುತ್ತಾರೆ.

ಈ ಕಲ್ಲಿಗೆ ವಯಸ್ಸೆಷ್ಟು? ಸುಮಾರು 6.6 ಕೋಟಿ ವರ್ಷ ಎಂದು ಇವತ್ತು ಕಾಲೇಜು ಹುಡುಗರೂ ಹೇಳಿಯಾರು. ಆ ಉತ್ತರ ಎಲ್ಲಿಂದ ಬಂತು ಎಂಬುದನ್ನು ಮಾತ್ರ ನಾವು ನಮ್ಮ ಮಕ್ಕಳಿಗೆ ಹೇಳುವುದಿಲ್ಲ. ಅದು ಕರಿಕಲ್ಲನ್ನು ಒಡೆದು ನೋಡಿದ್ದರಿಂದಷ್ಟೇ ಬಂದದ್ದಲ್ಲ. ಕಡಲನ್ನೇ ಕಾಣದ ಈ ಸೀಮೆಯ ಕಲ್ಲಿಗೆ ವಯಸ್ಸು ಕಟ್ಟಿದ್ದರಲ್ಲಿ ಕಡಲಿನ ಬರಿಗಣ್ಣಿಗೆ ಕಾಣದ ಜೀವಿಗಳ ಪಾಲು ದೊಡ್ಡದು. ಆ ಜೀವಿಗಳು ಸಿಕ್ಕಿದ್ದು ಇಲ್ಲಿಂದ ನೂರಾರು ಕಿಲೋಮೀಟರ್ ದೂರದಲ್ಲಿ, ಗೋದಾವರಿ ಕಡಲು ಸೇರುವ ಕಡೆ. ಅವುಗಳ ಬೆನ್ನು ಹತ್ತಿದ ಮೊದಲಿಗರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಮೇಷ್ಟ್ರುಗಳಿದ್ದರು.

ಗಡಿ ಬದಲಾಯಿತು, ಕಲ್ಲು ಅದೇ

ಬಸವಕಲ್ಯಾಣ ದಾಟಿ ಉಮರ್ಗಾ ಕಡೆ ಹೊರಟರೆ ಅಂಗಡಿಯ ಬೋರ್ಡು ಮರಾಠಿಗೆ ತಿರುಗುತ್ತದೆ. ಮನೆಯೊಳಗಿನ ಕನ್ನಡ ಅಷ್ಟು ಬೇಗ ತಿರುಗುವುದಿಲ್ಲ. ನಿಲಂಗಾ ಮತ್ತು ಉದಗೀರ 1956ರವರೆಗೆ ಬೀದರ್ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಅಹಮದಪುರದೊಂದಿಗೆ ಮುಂಬಯಿ ರಾಜ್ಯಕ್ಕೆ ಸೇರಿದವು. 1982ರಲ್ಲಿ ಲಾತೂರ ಜಿಲ್ಲೆಯಾದಾಗ ಅದರ ಪಾಲಾದವು. ಉಮರ್ಗಾ ಉಸ್ಮಾನಾಬಾದಿನಲ್ಲೇ, ಈಗಿನ ಧಾರಾಶಿವದಲ್ಲೇ ಉಳಿಯಿತು. ಗಡಿಯ ಎರಡೂ ಬದಿಗೆ ಹೊಲದ ಬದು, ದೇವಸ್ಥಾನದ ಕಂಬ, ಮನೆಯ ಗೋಡೆ ಎಲ್ಲವೂ ಒಂದೇ ಕರಿಕಲ್ಲು. ನಿಲಂಗಾದ ನೀಲಕಂಠೇಶ್ವರ ಗುಡಿಯ ಶಿಲ್ಪಿಗಳು ಕೆತ್ತಿದ್ದೂ ಇದೇ ಬಸಾಲ್ಟನ್ನು.

ಅದೇ ಕಲ್ಲು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಜನರ ಮೇಲೆ ಬಿತ್ತು. ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಊರುಗಳವು. ಔಸಾ ತಾಲೂಕಿನ ಕಿಲ್ಲಾರಿ, ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರ, ಸುತ್ತಲಿನ ಎಷ್ಟೋ ಹಳ್ಳಿಗಳು ನೆಲಸಮವಾದವು. ಭೂಕಂಪದ ಪ್ರಮಾಣ 6.2. ಸುಮಾರು ಹತ್ತು ಸಾವಿರ ಜನ ತೀರಿಕೊಂಡರು. ಮಣ್ಣಿನ ಗಾರೆಯಲ್ಲಿ ದಪ್ಪ ಕರಿಕಲ್ಲು ಪೇರಿಸಿ ಕಟ್ಟಿದ ಗೋಡೆಗಳೇ ಹೆಚ್ಚಿನವರ ಪ್ರಾಣ ತೆಗೆದವು.

ಗಟ್ಟಿ ನೆಲ, ಭೂಕಂಪದ ಭಯವಿಲ್ಲದ ನೆಲ ಎಂದು ನಂಬಿದ್ದ ಜಾಗ ಹೀಗೇಕೆ ನಡುಗಿತು ಎಂದು ತಿಳಿಯಲು ಕಿಲ್ಲಾರಿಯಲ್ಲಿ ಆಳವಾದ ಬೋರ್ ಕೊರೆದರು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಅಭ್ಯಾಸ ಮಾಡಿದ ಆ ಕೊಳವೆಗೆ ಕೆಎಲ್‌ಆರ್-1 ಎಂದು ಹೆಸರು. ಆಳ 617 ಮೀಟರ್. ಮೊದಲ 338 ಮೀಟರ್ ಬಸಾಲ್ಟೇ. ಅದರಡಿ 8 ಮೀಟರ್ ದಪ್ಪದ ಹಳೆಯ ಗಸಿಶಿಲೆ, ಲಾವಾ ಬರುವ ಮೊದಲು ಈ ನೆಲದ ಮೇಲೆ ಕೂತಿದ್ದ ಮಣ್ಣು ಮರಳು. ಅದಕ್ಕೂ ಕೆಳಗೆ ದಖ್ಖನ್ನಿನ ಪುರಾತನ ತಳಶಿಲೆ. ಈ ಸೀಮೆಯ ಲಾವಾಗೆ ಕೊನೆಗೂ ಒಂದು ತಳ ಸಿಕ್ಕಿತು. ಪಶ್ಚಿಮ ಘಟ್ಟದಲ್ಲಿ ಒಂದರ ಮೇಲೊಂದು ಲೆಕ್ಕ ಹಾಕಿದರೆ ಮೂರು ಕಿಲೋಮೀಟರಿಗೂ ಮಿಕ್ಕುವ ಲಾವಾ ರಾಶಿ ಇಲ್ಲಿಗೆ ಬರುವಾಗ ಮುನ್ನೂರು ಮೀಟರ್ ಚಿಲ್ಲರೆಗೆ ತೆಳುವಾಗಿದೆ.

ಆಳ ಗೊತ್ತಾದರೆ ವಯಸ್ಸು ಗೊತ್ತಾಗುವುದಿಲ್ಲ. ವಯಸ್ಸಿನ ಜಗಳ ಅದಕ್ಕೂ ಬಹಳ ಹಿಂದಿನದು.

ತಾಳೆ ಮರ, ಅಜೋಲಾ, ಮತ್ತು ಆರ್ಗಾನ್

ಲಾವಾದೊಳಗೆ ಜೀವ ಉಳಿಯುವುದಿಲ್ಲ. ಪ್ರವಾಹಗಳ ನಡುವಿನ ಬಿಡುವಿನಲ್ಲಿ ಹುಟ್ಟಿದ ಕೆರೆಗಳ ಕೆಸರಿನಲ್ಲಿ ಉಳಿಯುತ್ತದೆ. ಅಂಥ ಪದರಗಳಿಗೆ ಇಂಟರ್‌ಟ್ರ್ಯಾಪಿಯನ್ ಎನ್ನುತ್ತಾರೆ, ಟ್ರ್ಯಾಪ್‌ಗಳ ನಡುವಿನವು ಎಂದು. ಟ್ರ್ಯಾಪ್ ಎಂದರೆ ಈ ಲಾವಾ ಹಾಸು. ಮಧ್ಯಪ್ರದೇಶದ ಛಿಂದವಾಡಾ ಕಡೆ ಅವುಗಳಲ್ಲಿ ಕಲ್ಲಾದ ತಾಳೆ ಜಾತಿಯ ಮರಗಳು, ಹಣ್ಣುಗಳು, ಬೀಜಗಳು ರಾಶಿ ರಾಶಿ ಸಿಕ್ಕವು. ಸಸ್ಯ ಪಳೆಯುಳಿಕೆಗಳ ತಜ್ಞ ಬೀರಬಲ್ ಸಾಹ್ನಿ ಅವರು ಎಚ್.ಎಸ್. ರಾವ್ ಜೊತೆಗೂಡಿ ಅಲ್ಲಿಂದ ಅಜೋಲಾದ ಪಳೆಯುಳಿಕೆಯನ್ನೂ ವರ್ಣಿಸಿದರು. ಇವತ್ತು ಹೈನುಗಾರರು ಸಿಮೆಂಟ್ ತೊಟ್ಟಿಯಲ್ಲಿ ಎಮ್ಮೆಗಳಿಗೆಂದು ಬೆಳೆಸುವ ಅದೇ ಅಜೋಲಾದ ಹಳೆಯ ಸಂಬಂಧಿ ಅದು. 1934ರಲ್ಲಿ ಸಾಹ್ನಿ, ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಒಂದು ನೇರ ಪ್ರಶ್ನೆ ಎತ್ತಿದರು: ದಖ್ಖನ್ ಟ್ರ್ಯಾಪ್‌ಗಳು ಡೈನೋಸಾರ್‌ಗಳು ಬದುಕಿದ್ದ ಕ್ರಿಟೇಶಿಯಸ್ ಕಾಲದವೋ, ಅದರ ನಂತರದ ಟರ್ಷಿಯರಿ ಕಾಲದವೋ? ಗಿಡಮರಗಳ ಸಾಕ್ಷ್ಯದ ಮೇಲೆ ಅವರು ಒಲಿದದ್ದು ಟರ್ಷಿಯರಿಯ ಕಡೆ, ಅದರಲ್ಲೂ ಇಯೋಸೀನ್ ಕಡೆ.

ಸಾಹ್ನಿ ಅವರ ಕಣ್ಣು ಬಹಳ ಸೂಕ್ಷ್ಮ. ತೊಡಕಿದ್ದದ್ದು ಸಾಕ್ಷಿಯ ಸ್ವಭಾವದಲ್ಲಿ. ಗಿಡಮರಗಳು ನಿಧಾನವಾಗಿ ಬದಲಾಗುತ್ತವೆ, ಒಂದು ಸೀಮೆಯಲ್ಲಿರುವುದು ಇನ್ನೊಂದರಲ್ಲಿರುವುದಿಲ್ಲ. ಲಾವಾ ಉಕ್ಕಿದ ಕಾಲಕ್ಕೆ ಭಾರತ ದ್ವೀಪದಂತೆ ಒಂಟಿಯಾಗಿ ಉತ್ತರಕ್ಕೆ ತೇಲುತ್ತಿತ್ತು. ಅದರ ಕಾಡನ್ನು ಯುರೋಪಿನ ಕಾಡಿನ ಜೊತೆ ತಾಳೆ ನೋಡಿ ವಯಸ್ಸು ಹೇಳಿದರೆ ಒಂದು ಕೋಟಿ ವರ್ಷ ಆಚೀಚೆ ಆಗುವುದು ಸಹಜ.

ಹಾಗಾದರೆ ಕಲ್ಲನ್ನೇ ಅಳೆಯೋಣ ಎಂದು ಪೊಟ್ಯಾಸಿಯಂ–ಆರ್ಗಾನ್ ವಿಧಾನ ಬಂತು. ಕಲ್ಲಿನ ಪೊಟ್ಯಾಸಿಯಂನ ಒಂದು ಪಾಲು ಕಾಲಕ್ರಮದಲ್ಲಿ ಆರ್ಗಾನ್ ಅನಿಲವಾಗುತ್ತದೆ. ಕೂಡಿಬಿದ್ದ ಆರ್ಗಾನ್ ಎಷ್ಟೆಂದು ಅಳೆದರೆ ವಯಸ್ಸು. ದಖ್ಖನ್ನಿನ ಬಸಾಲ್ಟಿನಲ್ಲಿ ಪೊಟ್ಯಾಸಿಯಂ ಕಡಿಮೆ. ನೀರು ಕುಡಿದು ಸಡಿಲಾದ ಕಲ್ಲಿನಿಂದ ಆರ್ಗಾನ್ ಸೋರಿಹೋಗುತ್ತದೆ. ಹೀಗಾಗಿ ಬಂದ ಉತ್ತರಗಳು 8 ಕೋಟಿಯಿಂದ 3 ಕೋಟಿ ವರ್ಷಗಳವರೆಗೆ ಹರಡಿಕೊಂಡವು. ಲಾವಾ ಐದು ಕೋಟಿ ವರ್ಷ ಕಾಲ ತೊಟ್ಟಿಕ್ಕುತ್ತಲೇ ಇತ್ತೇ, ಇಲ್ಲಾ ಒಮ್ಮೆಲೇ ಉಕ್ಕಿತೇ ಎಂಬುದೂ ಬಗೆಹರಿಯಲಿಲ್ಲ.

ಒಂದು ಚಿಟಿಕೆ ಕೆಸರು

ಸಮುದ್ರದ ಮೇಲ್ಪದರದಲ್ಲಿ ತೇಲಿಕೊಂಡು ಬದುಕುವ ಜೀವಿಗಳಿಗೆ ಒಟ್ಟಾಗಿ ಪ್ಲವಕ, ಪ್ಲಾಂಕ್ಟನ್ ಎನ್ನುತ್ತೇವೆ. ಅವುಗಳಲ್ಲಿ ಫೊರಾಮಿನಿಫೆರಾ ಎಂಬುದು ಒಂದೇ ಜೀವಕೋಶದ ಜೀವಿ. ಒಂದೇ ಕೋಶವಾದರೂ ಸುತ್ತಲೂ ಸುಣ್ಣದ ಚಿಪ್ಪು ಕಟ್ಟಿಕೊಳ್ಳುತ್ತದೆ, ಬೆಳೆದಂತೆಲ್ಲ ಕೋಣೆಗೆ ಕೋಣೆ ಸೇರಿಸುತ್ತ ಹೋಗುತ್ತದೆ. ಸತ್ತಾಗ ಚಿಪ್ಪು ಕೆಳಗಿಳಿದು ತಳದ ಕೆಸರು ಸೇರುತ್ತದೆ. ಕೆಸರು ಕಲ್ಲಾಗುತ್ತದೆ.

ಆ ಕಲ್ಲಿನಿಂದ ಅದನ್ನು ಮರಳಿ ಹೊರತೆಗೆಯುವ ಕೆಲಸ ನೋಡಬೇಕು. ಜೇಡಿಕಲ್ಲಿನ ತುಂಡನ್ನು ಒಡೆದು, ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ನೀರಿನಲ್ಲಿ ನೆನೆಹಾಕುತ್ತಾರೆ. ಕಲ್ಲು ನಿಧಾನವಾಗಿ ಬಿಟ್ಟುಕೊಂಡು ಕೆಸರಾಗುತ್ತದೆ. ಆ ಕೆಸರನ್ನು 63 ಮೈಕ್ರಾನ್ ಕಣ್ಣಿನ ಜರಡಿಯ ಮೇಲೆ ಸುರಿದು, ನಲ್ಲಿ ಸಣ್ಣಗೆ ಬಿಟ್ಟು, ಕೆಳಗೆ ಬೀಳುವ ನೀರು ತಿಳಿಯಾಗುವವರೆಗೆ ತೊಳೆಯುತ್ತಾರೆ. ಕೊನೆಗೆ ಉಳಿಯುವುದು ಒಂದು ಚಿಟಿಕೆ. ಒಣಗಿಸಿ, ಕಪ್ಪು ತಟ್ಟೆಯ ಮೇಲೆ ತೆಳುವಾಗಿ ಹರಡಿ ಸೂಕ್ಷ್ಮದರ್ಶಕದಡಿ ಇಟ್ಟರೆ ಬೂದು ಪುಡಿಯೊಳಗಿಂದ ಆಕಾರಗಳು ಎದ್ದು ಬರುತ್ತವೆ: ಸುರುಳಿ ಸುತ್ತಿದ ಉರುಟು ಕೋಣೆಗಳು, ಅಂಚಿಗೆ ಪಟ್ಟಿ ಕಟ್ಟಿದ ಚಪ್ಪಟೆ ಬಿಲ್ಲೆಗಳು, ಎರಡು ಸಾಲಿನಲ್ಲಿ ಜೋಡಿಸಿದ ಗುಂಡುಗಳು. ಗೋಡೆಯ ತುಂಬ ರಂಧ್ರಗಳು. ತೀರ ಸಣ್ಣ ಕುಂಚದ ತುದಿಯನ್ನು ಒದ್ದೆ ಮಾಡಿ, ಉಸಿರು ಬಿಗಿಹಿಡಿದು ಒಂದೊಂದನ್ನೇ ಎತ್ತಬೇಕು, ಚೌಕುಳಿ ಗೆರೆ ಹಾಕಿದ ಸ್ಲೈಡಿನ ಮೇಲೆ ಗೋಂದು ಹಚ್ಚಿ ಕೂರಿಸಬೇಕು. ನೆನೆಸಿದರೂ ಬಿಟ್ಟುಕೊಳ್ಳದ ಸುಣ್ಣಕಲ್ಲಾದರೆ 30 ಮೈಕ್ರಾನ್ ದಪ್ಪಕ್ಕೆ ತೇಯ್ದು, ಬೆಳಕು ಹಾಯುವಂತೆ ಮಾಡಿ, ಅಡ್ಡ ಕೊಯ್ದ ಚಿಪ್ಪುಗಳ ಗೆರೆಗಳಿಂದಲೇ ಜಾತಿ ಗುರುತಿಸಬೇಕು. ಇಡೀ ದಿನ ಕಣ್ಣು ಅಂಟಿಸಿ ಕೂತವರ ತಾಳ್ಮೆಯ ಮೇಲೆ ನಿಂತ ವಿದ್ಯೆ ಇದು.

ವಯಸ್ಸು ಹೇಳಲು ಇವೇ ಯಾಕೆ? ಇವು ಬೇಗ ಬೇಗ ರೂಪ ಬದಲಿಸುತ್ತವೆ. ತೇಲುವ ಜೀವಿಗಳಾದ್ದರಿಂದ ಒಂದು ಜಾತಿ ಹುಟ್ಟಿದರೆ ಹೆಚ್ಚು ತಡವಿಲ್ಲದೆ ಲೋಕದ ಸಾಗರಗಳಲ್ಲೆಲ್ಲ ಹರಡುತ್ತದೆ, ಅಳಿದರೆ ಎಲ್ಲೆಡೆಯಿಂದ ಅಳಿಯುತ್ತದೆ. ಡೈನೋಸಾರಿನ ಒಂದು ಮೂಳೆ ಸಿಕ್ಕುವುದು ಅದೃಷ್ಟ, ಇವು ಹಿಡಿ ಮಣ್ಣಿನಲ್ಲಿ ನೂರಾರು. ಬೋರ್ ಕೊರೆಯುವ ಯಂತ್ರ ದೊಡ್ಡ ಚಿಪ್ಪುಗಳನ್ನೆಲ್ಲ ಪುಡಿ ಮಾಡುತ್ತದೆ, ಇವು ಅಷ್ಟು ಚಿಕ್ಕವಾದ್ದರಿಂದಲೇ ಇಡಿಯಾಗಿ ಮೇಲೆ ಬರುತ್ತವೆ. ಎಣ್ಣೆ ಕಂಪನಿಗಳು ಇದನ್ನು ಬೇಗ ಅರಿತವು. 1920ರ ದಶಕದಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಎಸ್ತರ್ ಆಪ್ಲಿನ್, ಆಲ್ವಾ ಎಲಿಸರ್, ಹೆಡ್ವಿಗ್ ನಿಕರ್ ಎಂಬ ಮೂವರು ಹೆಣ್ಣುಮಕ್ಕಳು ಬಾವಿಯ ಚೂರಿನೊಳಗಿನ ಫೊರಾಮಿನಿಫೆರಾ ನೋಡಿ ಪದರಗಳನ್ನು ಹೊಂದಿಸಬಹುದೆಂದು ತೋರಿಸಿದರು. 1950ರ ದಶಕದಲ್ಲಿ ಸೋವಿಯತ್ ಒಕ್ಕೂಟದ ನೀನಾ ಸಬ್ಬೋಟಿನಾ, ಟ್ರಿನಿಡಾಡಿನಲ್ಲಿ ದುಡಿದ ಹಾನ್ಸ್ ಬೋಲಿ ಮುಂತಾದವರು ತೇಲುವ ಜಾತಿಗಳ ಹುಟ್ಟು–ಅಳಿವಿನ ಮೇಲೆ ಕಾಲವಲಯಗಳನ್ನು ಕಟ್ಟಿಕೊಟ್ಟರು.

ಈ ವಲಯಗಳಲ್ಲಿ ಎಲ್ಲಕ್ಕಿಂತ ಹರಿತವಾದ ಗೆರೆ ಬೀಳುವುದು 6.6 ಕೋಟಿ ವರ್ಷದ ಹಿಂದೆ, ಡೈನೋಸಾರ್‌ಗಳೂ ಅಳಿದ ಮಹಾನಾಶದ ಹೊತ್ತಿಗೆ. ಆ ಗೆರೆಯ ಕೆಳಗೆ ಗ್ಲೋಬೋಟ್ರಂಕಾನಾ ಕುಲದ ದೊಡ್ಡ, ಅಲಂಕಾರದ ಚಿಪ್ಪುಗಳು. ಗೆರೆಯ ಮೇಲೆ ಅವು ಒಂದೂ ಇಲ್ಲ. ತೇಲುವ ಜಾತಿಗಳಲ್ಲಿ ಬಹುಪಾಲು ಅಳಿದುಹೋಗಿ, ಸಾಸಿವೆ ಕಾಳಿನ ಹತ್ತರಲ್ಲೊಂದು ಪಾಲೂ ಇಲ್ಲದ ಕುಬ್ಜ ಜಾತಿಗಳಷ್ಟೇ ಉಳಿದವು. ಇಟಲಿಯ ಗುಬ್ಬಿಯೊ ಊರಿನ ಬಂಡೆಯಲ್ಲಿ ಈ ಗೆರೆಯ ಸ್ವಲ್ಪ ಮೇಲೆ ಸಿಕ್ಕ ಪುಟ್ಟ ಜಾತಿಯೊಂದನ್ನು ಲೂಟರ್‌ಬಾಕರ್ ಮತ್ತು ಇಸಬೆಲ್ಲಾ ಪ್ರೆಮೊಲಿ ಸಿಲ್ವಾ 1964ರಲ್ಲಿ ವರ್ಣಿಸಿ ಆ ಊರಿನ ಹೆಸರನ್ನೇ ಇಟ್ಟರು. ಈಗ ಅದನ್ನು ಪಾರ್ವುಲಾರುಗೋಗ್ಲೋಬಿಜೆರಿನಾ ಯೂಗುಬಿನಾ ಎನ್ನುತ್ತಾರೆ. ಹೆಸರು ಉದ್ದ, ಅದರ ಬಾಳು ಗಿಡ್ಡ, ಎರಡು ಲಕ್ಷ ವರ್ಷದ ಆಸುಪಾಸು. ಆ ಕಾರಣಕ್ಕೇ ಅದು ಅಮೂಲ್ಯ. ಅದು ಸಿಕ್ಕ ಕೆಸರು ಮಹಾನಾಶದ ಬೆನ್ನಿಗೇ ಕೂತ ಕೆಸರು. ಗುಬ್ಬಿಯೊದ ಇದೇ ಗೆರೆಯ ಜೇಡಿಯಲ್ಲಿ, ಉಲ್ಕೆಗಳಲ್ಲಿ ಹೆಚ್ಚಾಗಿರುವ ಇರಿಡಿಯಂ ಕಂಡೇ 1980ರಲ್ಲಿ ಲೂಯಿ ಮತ್ತು ವಾಲ್ಟರ್ ಆಲ್ವರೆಜ್ ತಂದೆ ಮಗ ಹಾಗೂ ಸಂಗಡಿಗರು ಕ್ಷುದ್ರಗ್ರಹ ಬಡಿದೇ ಮಹಾನಾಶ ಆಯಿತೆಂಬ ವಾದ ಮುಂದಿಟ್ಟರು.

ರಾಜಮಂಡ್ರಿಯ ಕ್ವಾರಿಗಳು

ನಮ್ಮ ಕರಿಕಲ್ಲಿಗೂ ಈ ಕಡಲ ಚಿಪ್ಪಿಗೂ ಗಂಟು ಬೀಳುವುದು ರಾಜಮಂಡ್ರಿಯಲ್ಲಿ. ದಖ್ಖನ್ ಲಾವಾದ ಮುಖ್ಯ ಹಾಸು ತೆಲಂಗಾಣದಲ್ಲಿ ಮುಗಿದುಹೋಗುತ್ತದೆ. ಅಲ್ಲಿಂದ ಸುಮಾರು 400 ಕಿಲೋಮೀಟರ್ ಆಚೆ, ಗೋದಾವರಿಯ ಎರಡೂ ದಂಡೆಗೆ, ಮತ್ತೆ ಒಂದಷ್ಟು ಬಸಾಲ್ಟ್ ತಲೆ ಎತ್ತುತ್ತದೆ. ಪೂರ್ವ ದಂಡೆಗೆ ಕಾಟೇರು, ಪಶ್ಚಿಮ ದಂಡೆಗೆ ಪಂಗಿಡಿ, ಗೌರಿಪಟ್ನಂ, ದುದ್ದುಕೂರು. ಜಲ್ಲಿಗಾಗಿ ಅಗೆದ ಕ್ವಾರಿಗಳ ಗೋಡೆಯಲ್ಲಿ ಕೆಳಗೊಂದು ಟ್ರ್ಯಾಪ್, ಮೇಲೊಂದು ಟ್ರ್ಯಾಪ್, ಎರಡರ ನಡುವೆ ಬಿಳಿಚಿದ ಸುಣ್ಣಕಲ್ಲು ಮತ್ತು ಜೇಡಿ. ಒಳನಾಡಿನ ಇಂಟರ್‌ಟ್ರ್ಯಾಪಿಯನ್ ಪದರಗಳಲ್ಲಿ ಕೆರೆಯ ಶಂಖ ಸಿಕ್ಕರೆ ಇಲ್ಲಿ ಕಡಲ ಚಿಪ್ಪು ಸಿಗುತ್ತದೆ. ನಾಗಪುರದಲ್ಲಿದ್ದ ಮಿಷನರಿ ಸ್ಟೀಫನ್ ಹಿಸ್ಲಪ್ 1860ರಲ್ಲೇ ಈ ಚಿಪ್ಪುಗಳ ಬಗ್ಗೆ ಬರೆದಿದ್ದರು.

1930ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಎಲ್. ರಾಮರಾವ್, ಅವರ ಜೊತೆ ಎಸ್.ಆರ್. ನಾರಾಯಣರಾವ್, ಕೆ. ಶ್ರೀಪಾದರಾವ್ ಆ ಸುಣ್ಣಕಲ್ಲನ್ನು ತೇಯ್ದು ನೋಡಿದರು. ಅದರಲ್ಲಿ ಫೊರಾಮಿನಿಫೆರಾ ಇದ್ದವು, ಸುಣ್ಣ ಕಟ್ಟುವ ಪಾಚಿಗಳೂ ಇದ್ದವು. ರಾಜಮಂಡ್ರಿಯ ಟ್ರ್ಯಾಪ್‌ಗಳು ಟರ್ಷಿಯರಿಯ ಆರಂಭದವು ಎಂದು ಅವರು ವಾದಿಸಿದರು. ತೇಲುವ ಜಾತಿಗಳ ಕಾಲವಲಯಗಳು ಹುಟ್ಟಲು ಇನ್ನೂ ಇಪ್ಪತ್ತು ವರ್ಷ ಇತ್ತು. ಕೈಯಲ್ಲಿದ್ದ ಸಾಧನ ಒಂದು ಸಾಧಾರಣ ಸೂಕ್ಷ್ಮದರ್ಶಕ. ಆದರೂ ವಯಸ್ಸು ಹುಡುಕಬೇಕಾದ ಜಾಗವನ್ನು ಅವರು ಸರಿಯಾಗಿ ಹಿಡಿದರು: ಲಾವಾ ಮತ್ತು ಕಡಲು ಮುಖಾಮುಖಿಯಾದ ಜಾಗ. ಈ ರಾಮರಾವ್ ಅವರೇ ಮುಂದೆ 1958ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾದ ಪತ್ರಿಕೆಯನ್ನು ಕಟ್ಟಿ ಬೆಳೆಸಿದ ಸಂಪಾದಕರು. ಕನ್ನಡ ನಾಡಿನ ವಿಜ್ಞಾನದ ಚರಿತ್ರೆ ಬರೆಯುವವರು ಈ ಮೂವರ ಕೆಲಸಕ್ಕೆ ಇನ್ನೂ ಹೆಚ್ಚು ಜಾಗ ಕೊಡಬೇಕು.

ಓಎನ್‌ಜಿಸಿ ಕೃಷ್ಣಾ–ಗೋದಾವರಿ ಪ್ರದೇಶದಲ್ಲಿ ಎಣ್ಣೆಗಾಗಿ ಬಾವಿ ಕೊರೆಯತೊಡಗಿದ ಮೇಲೆ ಅದೇ ಲಾವಾ ನೆಲದಡಿಯೂ ಸಿಕ್ಕಿತು, ಮೇಲೂ ಕೆಳಗೂ ಕಡಲ ಕೆಸರಿನ ಸಮೇತ. ಲಾವಾದ ಕೆಳಗಿನ ಕೆಸರಿನಲ್ಲಿ ಅಬಾಥೊಂಫಾಲಸ್ ಮಯರೊಯೆನ್ಸಿಸ್ ಎಂಬ ಪ್ಲವಕ ಇತ್ತು, ಕ್ರಿಟೇಶಿಯಸ್ ಕಾಲದ ಕಟ್ಟಕಡೆಯ ವಲಯದ ಗುರುತು. ಫ್ರಾನ್ಸಿನ ವಿನ್ಸೆಂಟ್ ಕುರ್ತಿಲೊ ಮತ್ತು ಜೊತೆಗಾರರು 1986ರಲ್ಲಿ ದಖ್ಖನ್ ಲಾವಾವನ್ನು ಮಹಾನಾಶದ ಗಡಿಗೆ ತಂದು ನಿಲ್ಲಿಸಿದ ವಾದಕ್ಕೆ ಇಂಥ ಪಳೆಯುಳಿಕೆಗಳ ಬಲವಿತ್ತು. ಲಾವಾದಲ್ಲಿ ಅಚ್ಚೊತ್ತಿದ ಭೂಕಾಂತದ ದಿಕ್ಕು ನೆಟ್ಟಗೆ, ತಿರುಗುಮುರುಗು, ಮತ್ತೆ ನೆಟ್ಟಗೆ ಎಂದು ಕೆಲವೇ ಸಲ ಬದಲಾಗಿತ್ತು. ಅಂದರೆ ಲಾವಾ ಉಕ್ಕಿದ್ದು ಅಲ್ಪ ಕಾಲದಲ್ಲಿ. ಅಂಥ ತಿರುವುಗಳು ಭೂಮಿಯ ಚರಿತ್ರೆಯಲ್ಲಿ ನೂರಾರು ಇವೆ. ಇದು ಯಾವ ತಿರುವು ಎಂದು ಬೆರಳಿಟ್ಟು ತೋರಿಸುವುದಕ್ಕೆ ಪಳೆಯುಳಿಕೆ ಬೇಕಾಯಿತು. ಐದು ಕೋಟಿ ವರ್ಷದ ಗೊಂದಲ ಅಲ್ಲಿಗೆ ಹತ್ತು ಲಕ್ಷ ವರ್ಷಗಳ ಆಜೂಬಾಜಿಗೆ ಕುಗ್ಗಿತು.

2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗೆರ್ಟಾ ಕೆಲರ್, ರೂರ್ಕಿ ಐಐಟಿಯಲ್ಲಿದ್ದ ಸುನಿಲ್ ಬಾಜಪೇಯಿ ಮತ್ತು ಸಂಗಡಿಗರು ರಾಜಮಂಡ್ರಿಯ ಕ್ವಾರಿಗಳಿಗೆ ಮತ್ತೆ ಹೋದರು. ಎರಡು ಟ್ರ್ಯಾಪ್‌ಗಳ ನಡುವಿನ ಪದರದಲ್ಲಿ ಮಹಾನಾಶದ ನಂತರದ ಮೊದಲ ಕುಬ್ಜ ಪ್ಲವಕಗಳು, ಟರ್ಷಿಯರಿಯ ಮೊದಲ ಹಂತವಾದ ಡೇನಿಯನ್ ಆರಂಭದ ಪಿ1ಎ ವಲಯದವು, ಅವರಿಗೆ ಸಿಕ್ಕವು. ಆ ಪದರ ಕೂತ ನೀರು ಎಂಥದ್ದೆಂಬುದನ್ನೂ ಅದೇ ಚಿಪ್ಪುಗಳು ಹೇಳಿದವು. ತೇಲುವ ಜಾತಿಗಳ ಪಾಲು ಹೆಚ್ಚಿದಷ್ಟೂ ಕಡಲು ಆಳ, ತಳದಲ್ಲಿ ತೆವಳುವ ಜಾತಿಗಳು ಹೆಚ್ಚಿದರೆ ಆಳ ಕಡಿಮೆ, ಆಸ್ಟ್ರಕಾಡ್ ಎಂಬ ಸಿಹಿನೀರಿನ ಪುಟ್ಟ ಚಿಪ್ಪುಜೀವಿ ಬೆರೆತರೆ ಹತ್ತಿರದಲ್ಲೇ ಹೊಳೆಯ ಬಾಯಿ. ರಾಜಮಂಡ್ರಿಯ ಪದರ ಅಳಿವೆಯಿಂದ ಹಿನ್ನೀರಿಗೆ, ಹಿನ್ನೀರಿನಿಂದ ತೆರೆದ ಕಡಲಿಗೆ ಏರುಪೇರಾಗುತ್ತ ಕೂತದ್ದು. ಅದೇ ತಂಡ ಮರುವರ್ಷ ಛಿಂದವಾಡಾದ ಝಿಲ್‌ಮಿಲಿಯಲ್ಲೂ, ಇವತ್ತಿನ ಕಡಲಿನಿಂದ ನೂರಾರು ಕಿಲೋಮೀಟರ್ ಒಳಗೆ, ಕಡಲ ಪ್ಲವಕ ಕಂಡಿತು. ನರ್ಮದೆಯ ಕಡೆಯಿಂದಲೋ ಗೋದಾವರಿಯ ಕಡೆಯಿಂದಲೋ ಕಡಲಿನ ಒಂದು ಚಾಚು ಒಳನಾಡಿಗೆ ನುಗ್ಗಿರಬೇಕು ಎಂದು ಅವರು ಅಂದಾಜಿಸಿದರು.

ಕೆಳಗಿನ ಟ್ರ್ಯಾಪ್ ಮಹಾನಾಶದ ಗಡಿಗೇ ಅಂಟಿಕೊಂಡು ಮುಗಿಯಿತು, ಆದ್ದರಿಂದ ಲಾವಾವೇ ಮುಖ್ಯ ಅಪರಾಧಿ ಎಂಬುದು ಕೆಲರ್ ಅವರ ನಿಲುವು. ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಮೇಲಿನ ಪದರದ ಪ್ಲವಕ, ಅಡಿಯ ಲಾವಾ ತನಗಿಂತ ಹಳೆಯದು ಎಂದಷ್ಟೇ ಹೇಳುತ್ತದೆ, ಎಷ್ಟು ಹಳೆಯದು ಎಂದು ಹೇಳುವುದಿಲ್ಲ. ಆ ಬಿಟ್ಟ ಜಾಗವನ್ನು ತುಂಬಲು ಕಲ್ಲಿನ ಸಾಕ್ಷಿಯೂ ಬೇಕು. 2020ರಲ್ಲಿ ಇಸಾಬೆಲ್ ಫೆಂಡ್ಲಿ, ಕರ್ಟ್ನಿ ಸ್ಪ್ರೇನ್, ಪಾಲ್ ರೆನ್ನಿ ಮತ್ತಿತರರು ಸುಧಾರಿಸಿದ ಆರ್ಗಾನ್–ಆರ್ಗಾನ್ ಕಾಲಮಾಪನ, ಭೂಕಾಂತ, ಪ್ಲವಕ ಈ ಮೂರನ್ನೂ ಒಟ್ಟಿಗೆ ಹಿಡಿದು ನೋಡಿದರು. ರಾಜಮಂಡ್ರಿಯಲ್ಲಿ ಹೊರಗೆ ಕಾಣುವ ಟ್ರ್ಯಾಪ್‌ಗಳಲ್ಲಿ ಮಹಾನಾಶದ ಗಡಿಯೇ ಇಲ್ಲ, ಅವು ಅದರ ನಂತರದವು ಎಂದು ತೀರ್ಮಾನಿಸಿದರು. ಬೆಂಗಳೂರಿನ ಮೂವರು ಎಂಬತ್ತು ವರ್ಷ ಹಿಂದೆ ಗೆರೆಯ ಯಾವ ಬದಿಗೆ ಬೆರಳು ತೋರಿಸಿದ್ದರೋ, ಅದೇ ಬದಿ. ನನಗೆ ಫೆಂಡ್ಲಿ ತಂಡದ ದಾರಿ ಹೆಚ್ಚು ಗಟ್ಟಿ ಎನಿಸುತ್ತದೆ, ಒಂದೇ ಸಾಕ್ಷಿಯನ್ನು ನೆಚ್ಚಿಕೊಳ್ಳದೆ ಮೂರನ್ನೂ ತಾಳೆ ಹಾಕಿದ್ದರಿಂದ.

ಮಾಂಜ್ರಾ ಹರಿಯುವ ದಿಕ್ಕು

ರಾಜಮಂಡ್ರಿಯ ಲಾವಾ ಅಲ್ಲೇ ಉಕ್ಕಿದ್ದೋ, ಎಲ್ಲಿಂದಲೋ ಹರಿದು ಬಂದದ್ದೋ ಎಂಬುದೂ ಬಹುಕಾಲದ ಚರ್ಚೆ. 2008ರಲ್ಲಿ ಸ್ಟೀಫನ್ ಸೆಲ್ಫ್, ಆನ್ ಜೇ, ಮೈಕ್ ವಿಡೊಸನ್ ಮತ್ತು ಲಾಸ್ಲೊ ಕೆಸ್ತೆಲಿ ಅದರ ರಾಸಾಯನಿಕ ಗುಣಗಳನ್ನು ಪಶ್ಚಿಮ ಘಟ್ಟದ ಅಂಬೆನಳಿ ಮತ್ತು ಮಹಾಬಳೇಶ್ವರ ಶಿಲಾಸ್ತರಗಳ ಜೊತೆ ಹೋಲಿಸಿದರು. ಗುಣಗಳು ಹೊಂದಿದವು. ಹಾಗಾದರೆ ಲಾವಾ ಘಟ್ಟದ ಸೀಮೆಯಿಂದ ಬಂಗಾಳ ಕೊಲ್ಲಿಯವರೆಗೆ, ಸಾವಿರ ಕಿಲೋಮೀಟರಿನಷ್ಟು ದೂರ ಹರಿದಿದೆ. ಭೂಮಿಯ ಮೇಲೆ ಗೊತ್ತಿರುವ ಅತಿ ಉದ್ದದ ಲಾವಾ ಪ್ರವಾಹಗಳು ಇವೇ ಇರಬಹುದೇ ಎಂದು ಅವರು ಕೇಳಿದರು. ಇಷ್ಟು ದೂರ ತಣಿಯದೆ ಹರಿಯುವುದು ಸಾಧ್ಯವಾದದ್ದು ಮೇಲೆ ಕಟ್ಟಿದ ಗಟ್ಟಿ ಪದರದಿಂದ. ಅದರಡಿ ಬಿಸಿ ಲಾವಾ ಬೆಚ್ಚಗೆ ಮುಂದೊತ್ತುತ್ತ, ಹಾಸನ್ನು ಒಳಗಿನಿಂದಲೇ ಉಬ್ಬಿಸುತ್ತ ಹೋಯಿತು. ಕೊನೆಯ ಹರಿವು ಹಳೆಯ ನದಿ ಕಣಿವೆಗಳನ್ನು ಹಿಡಿದು ಸಾಗಿರಬೇಕು.

ನಕಾಶೆಯ ಮೇಲೆ ಮಹಾಬಳೇಶ್ವರದಿಂದ ರಾಜಮಂಡ್ರಿಗೆ ಗೆರೆ ಎಳೆದರೆ ಅದು ಕಲಬುರಗಿ ಮತ್ತು ಬೀದರಿನ ನಡುವೆ ಹಾಯುತ್ತದೆ. ಉಮರ್ಗಾ ಆ ಗೆರೆಗೆ ತೀರ ಸಮೀಪ, ನಿಲಂಗಾ, ಉದಗೀರ ಸ್ವಲ್ಪ ಉತ್ತರಕ್ಕೆ. ಇವತ್ತಿನ ನೀರೂ ಆ ಕಡೆಗೇ ಹೊರಟಿದೆ. ತೇರ್ನಾ ಮಾಂಜ್ರಾಕ್ಕೆ, ಉದಗೀರದ ಬದಿಯ ಲೆಂಡಿ ಹೊಳೆ ಮಾಂಜ್ರಾಕ್ಕೆ, ಮಾಂಜ್ರಾ ಬೀದರ್ ಬಳಸಿ ಗೋದಾವರಿಗೆ. ನಿಲಂಗಾದ ಹೊಲದಲ್ಲಿ ಬಿದ್ದ ಮಳೆ ಕೊನೆಗೆ ರಾಜಮಂಡ್ರಿಯ ಸೇತುವೆಯಡಿ ಹಾಯುತ್ತದೆ.

ಜೇ ಮತ್ತು ವಿಡೊಸನ್ ಈ ಆಗ್ನೇಯ ದಖ್ಖನ್ನಿನ ಲಾವಾಗಳನ್ನು ಘಟ್ಟದ ಮೇಲಿನ ವಾಯಿ ಉಪಗುಂಪಿನೊಂದಿಗೆ ಹೊಂದಿಸಿದ್ದಾರೆ. ಅಂಬೆನಳಿ, ಮಹಾಬಳೇಶ್ವರ ಎರಡೂ ಆ ಗುಂಪಿನವೇ, ಎರಡೂ ಮಹಾನಾಶದ ನಂತರದವು ಎಂಬುದು 2019ರ ಎರಡು ಬೇರೆ ಬೇರೆ ಕಾಲಮಾಪನಗಳ ಫಲ. ಉಮರ್ಗಾದ ಬಾವಿಯಲ್ಲಿ ಮೇಲೆ ಕಾಣುವ ಕಪ್ಪು ಪದರ ಈ ಎರಡರಲ್ಲೊಂದಾಗಿದ್ದರೆ, ಅದು ಹರಿದು ಬಂದಾಗ ಡೈನೋಸಾರ್‌ಗಳು ಆಗಲೇ ಇಲ್ಲವಾಗಿದ್ದವು.

ಲಾವಾ ಜೀವಗಳಿಗೆ ಏನು ಮಾಡಿತು ಎಂಬುದಕ್ಕೂ ಚಿಪ್ಪುಗಳೇ ಸಾಕ್ಷಿ. ಸುಣ್ಣದ ಚಿಪ್ಪಿನಲ್ಲಿ ಆಮ್ಲಜನಕದ ಭಾರದ ರೂಪ ಮತ್ತು ಹಗುರ ರೂಪ ಎಷ್ಟೆಷ್ಟಿವೆ ಎಂಬುದು ಅಂದಿನ ನೀರಿನ ಬಿಸುಪಿನ ಮೇಲೆ ನಿಲ್ಲುತ್ತದೆ. 1955ರಲ್ಲಿ ಚೆಸಾರೆ ಎಮಿಲಿಯಾನಿ ಈ ದಾರಿಯಿಂದ ಹಿಮಯುಗಗಳ ಕಡಲಿನ ಬಿಸುಪು ಲೆಕ್ಕ ಹಾಕಿದ್ದರು. ಅದೇ ಲೆಕ್ಕ, ಮಹಾನಾಶಕ್ಕೆ ಸುಮಾರು ಮೂರು ಲಕ್ಷ ವರ್ಷ ಮೊದಲು ಕಡಲು ಕೆಲವು ಡಿಗ್ರಿ ಬಿಸಿಯೇರಿ ಮತ್ತೆ ಇಳಿದದ್ದನ್ನು ತೋರಿಸುತ್ತದೆ. ದಖ್ಖನ್ನಿನಿಂದ ಹೊರಬಿದ್ದ ಇಂಗಾಲದ ಡೈಆಕ್ಸೈಡ್ ಅದಕ್ಕೆ ಕಾರಣ ಎಂಬ ಅಭಿಪ್ರಾಯ ಬಲವಾಗಿದೆ. ಕಡಲು ಹುಳಿಯಾದದ್ದರ ಲೆಕ್ಕ ಬೇರೆ. 2019ರಲ್ಲಿ ಮೈಕೆಲ್ ಹೆನೆಹನ್ ಮತ್ತು ಸಂಗಡಿಗರು ಚಿಪ್ಪುಗಳ ಬೋರಾನ್ ಅಳೆದು, ನೀರು ಥಟ್ಟನೆ ಆಮ್ಲೀಯವಾದದ್ದು ಕ್ಷುದ್ರಗ್ರಹ ಬಡಿದ ಮೇಲೆ ಎಂದು ತೋರಿಸಿದರು. ನಾಶಕ್ಕೆ ಕಾರಣ ದಖ್ಖನ್ನೇ ಎನ್ನುವವರಿಗೆ ಇದು ಕಷ್ಟದ ಸಾಕ್ಷಿ.

ಉಳಿದಿರುವ ದೊಡ್ಡ ಕೊರತೆ ನಡುವಿನ ದಾರಿಯದು. ಘಟ್ಟದಲ್ಲಿ ಕಲ್ಲನ್ನು ಅಡಿ ಅಡಿಯಾಗಿ ಅಳೆದಿದ್ದಾರೆ, ರಾಜಮಂಡ್ರಿಯಲ್ಲಿ ಕೆಸರನ್ನು ಚಿಟಿಕೆ ಚಿಟಿಕೆಯಾಗಿ ತೊಳೆದಿದ್ದಾರೆ. ಲಾತೂರ, ಧಾರಾಶಿವ, ಬೀದರ್, ಕಲಬುರಗಿಗಳ ಪಾಲಿನ ಕೆಲಸ ಅಷ್ಟು ದಟ್ಟವಾಗಿ ಆಗಿಲ್ಲ. ಇಲ್ಲಿ ಕಡಲ ಪ್ಲವಕ ಸಿಗದಿದ್ದರೂ ಕೆರೆಯ ಜೀವಿಗಳು ಸಿಗುತ್ತವೆ. ಗುರುಮಠಕಲ್ ಸುತ್ತಿನ ಇಂಟರ್‌ಟ್ರ್ಯಾಪಿಯನ್ ಪದರದಿಂದ ಸಿಹಿನೀರಿನ ಆಸ್ಟ್ರಕಾಡ್‌ಗಳನ್ನೂ ಕೆರೆಯ ತಳದಲ್ಲಿ ಬೆಳೆಯುವ ಕ್ಯಾರಾ ಪಾಚಿಯ ಬೀಜದಂಥ ಉಳಿಕೆಗಳನ್ನೂ ವರ್ಣಿಸಿದ್ದಾರೆ. ವಿಕಾರಾಬಾದ್ ಹತ್ತಿರದ ನಾಸ್ಕಲ್‌ನಲ್ಲಿ ಸಿಕ್ಕ ಹಲ್ಲುಗಳಿಂದ ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ 1988ರಲ್ಲಿ ಭಾರತದ ಮೊದಲ ಕ್ರಿಟೇಶಿಯಸ್ ಸಸ್ತನಿಯನ್ನು ಲೋಕಕ್ಕೆ ತೋರಿಸಿದರು. ಇಂಥ ಪದರಗಳನ್ನು ಒಂದರಿಂದೊಂದಕ್ಕೆ ಹೊಂದಿಸುತ್ತ ಹೋದರೆ ರಾಜಮಂಡ್ರಿಯ ಕಡಲ ವಯಸ್ಸನ್ನು ಮೆಟ್ಟಿಲು ಮೆಟ್ಟಿಲಾಗಿ ಉದಗೀರದವರೆಗೆ ತರಬಹುದು.

ಅದಕ್ಕೆ ಬೇಕಾದ ಸಾಮಾನು ನಮ್ಮ ಹೊಲಗಳಲ್ಲೇ ದಿನವೂ ಹೊರಬೀಳುತ್ತಿದೆ. ಬಾವಿ ತೋಡುವಾಗ, ಕೃಷಿಹೊಂಡ ಅಗೆಯುವಾಗ, ಹೆದ್ದಾರಿಗೆ ಗುಡ್ಡ ಕಡಿಯುವಾಗ ಎರಡು ಕಪ್ಪು ಪದರಗಳ ನಡುವೆ ಬೂದು, ಹಸಿರು ಅಥವಾ ಬಿಳಿಚಿದ ಜೇಡಿ, ಚಕಮಕಿಯಂಥ ಗಟ್ಟಿ ಬಿಲ್ಲೆ, ಸಣ್ಣ ಶಂಖ ಕಂಡರೆ ಅದು ಇಂಟರ್‌ಟ್ರ್ಯಾಪಿಯನ್ ಪದರ ಇರಬಹುದು. ಅರ್ಧ ಕಿಲೋ ಮಣ್ಣನ್ನು ಒಣಗಿಸಿ ಚೀಲಕ್ಕೆ ಹಾಕಿ, ಊರು, ಸರ್ವೆ ನಂಬರು, ನೆಲದಿಂದ ಎಷ್ಟು ಅಡಿ ಕೆಳಗೆ, ಮೇಲೇನಿತ್ತು ಕೆಳಗೇನಿತ್ತು ಎಂಬುದನ್ನು ಚೀಟಿಯಲ್ಲಿ ಬರೆದು ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ತಲುಪಿಸಬಹುದು. ಕನ್ನಡದಲ್ಲಿ ಬರೆದರೂ ಆಯಿತು, ಮರಾಠಿಯಲ್ಲಿ ಬರೆದರೂ ಆಯಿತು. ಅಡಿಯ ಲೆಕ್ಕ ಮಾತ್ರ ತಪ್ಪಬಾರದು.